ಕರಡಿಗಳ ದ್ವೀಪದಲ್ಲಿ ಮರದ ಗುಡಿಸಲು

ಮಕ್ಕಳೇ, ಅಲ್ಲಿ ವಿದ್ಯುತ್ ಇಲ್ಲ. ನಲ್ಲಿ ಇಲ್ಲ. ಹತ್ತಿರದಲ್ಲಿ ಅಂಗಡಿಯಾಗಲಿ ಆಸ್ಪತ್ರೆಯಾಗಲಿ ಇಲ್ಲ. ಸುತ್ತಮುತ್ತ ಓಡಾಡುವುದು ಕರಡಿಗಳು. ಇಂಥ ಜಾಗದಲ್ಲಿ ನಾಲ್ಕು ದಿನ ಇರಬೇಕಾದರೆ ನೀವು ಏನೇನು ಕೊಂಡೊಯ್ಯುವಿರಿ? ಮೊದಲು ಒಂದು ಪಟ್ಟಿ ಬರೆದುಕೊಳ್ಳಿ. ಆಮೇಲೆ ಈ ಪಾಠ ಓದಿ.

ಎಲ್ಲಿದೆ ಈ ಜಾಗ?

ಭೂಪಟದಲ್ಲಿ ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯನ್ನು ನೋಡಿ. ಅದು ಅಲಾಸ್ಕ. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯ. ಅದರ ದಕ್ಷಿಣ ಕರಾವಳಿಯ ಆಚೆ ಕೋಡಿಯಾಕ್ ಎಂಬ ದೊಡ್ಡ ದ್ವೀಪವಿದೆ. ಅಲ್ಲಿನ ಕಂದು ಕರಡಿಗಳನ್ನೂ ಅವುಗಳ ನೆಲೆಯನ್ನೂ ಉಳಿಸಲು 1941ರಲ್ಲಿ ವನ್ಯಜೀವಿ ಆಶ್ರಯಧಾಮ ಸ್ಥಾಪಿಸಲಾಯಿತು. ದ್ವೀಪದ ಸುಮಾರು ಮೂರನೆಯ ಎರಡು ಭಾಗ ಇದಕ್ಕೆ ಸೇರಿದೆ. ಕೋಡಿಯಾಕ್ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ ಸುಮಾರು 3,500 ಕರಡಿಗಳಿವೆ. ದೊಡ್ಡ ಗಂಡು ಕರಡಿ 600 ಕಿಲೋಗ್ರಾಂಗೂ ಹೆಚ್ಚು ತೂಗಬಲ್ಲದು. ಆದರೆ ಹುಟ್ಟುವಾಗ ಮರಿಯ ತೂಕ ಅರ್ಧ ಕಿಲೋಗ್ರಾಂ ಆಸುಪಾಸು ಅಷ್ಟೆ!

ಆಶ್ರಯಧಾಮದೊಳಕ್ಕೆ ರಸ್ತೆಗಳಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋಗಬೇಕು. ಈ ವಿಮಾನಕ್ಕೆ ಚಕ್ರಗಳ ಬದಲು ದೋಣಿಯಾಕಾರದ ಎರಡು ಟೊಳ್ಳು ಪಾದಗಳಿರುತ್ತವೆ. ಅವು ತಮ್ಮ ಜಾಗದಿಂದ ಸರಿಸಿದ ನೀರು ವಿಮಾನವನ್ನು ಮೇಲಕ್ಕೆ ಒತ್ತಿ ತೇಲಿಸುತ್ತದೆ. ಇದೇ ಆರ್ಕಿಮಿಡೀಸನ ತತ್ತ್ವ. ಮಂಜು ಕವಿದರೆ, ಬಿರುಗಾಳಿ ಬೀಸಿದರೆ ವಿಮಾನ ಬರುವುದಿಲ್ಲ. ಆದ್ದರಿಂದ ಹೆಚ್ಚುವರಿ ದಿನಗಳಿಗೂ ಆಹಾರ ಕೊಂಡೊಯ್ಯಬೇಕು. ನಿಮ್ಮ ಪಟ್ಟಿಯಲ್ಲಿ ಇದು ಇತ್ತೆ?

ಉಳಿದುಕೊಳ್ಳಲು ಅಲ್ಲಲ್ಲಿ ಸಣ್ಣ ಮರದ ಗುಡಿಸಲುಗಳಿವೆ. ಮುಂಚಿತವಾಗಿ ಕಾಯ್ದಿರಿಸಿ, ಶುಲ್ಕ ಕಟ್ಟಿದವರು ಇರಬಹುದು. ಒಳಗೆ ಮಲಗಲು ಹಲಗೆ ಮಂಚ, ಚಳಿ ಕಾಯಿಸಲು ಸೀಮೆಎಣ್ಣೆಯ ಹೀಟರ್. ಹೊರಗೆ ಗುಂಡಿಯ ಶೌಚಾಲಯ. ಉಳಿದದ್ದೆಲ್ಲ ನಮ್ಮ ಹೊಣೆ.

ಕಾಣದ ಶತ್ರು

ಮಳೆ, ಗಾಳಿ, ಚಳಿ ಇರುವಾಗ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಹೀಟರ್ ಹಚ್ಚೋಣ ಅನಿಸುತ್ತದೆ. ಇಲ್ಲೇ ಅಪಾಯ. ಇಂಧನ ಉರಿಯಲು ಆಮ್ಲಜನಕ ಬೇಕು. ಸಾಕಷ್ಟು ಸಿಕ್ಕಿದರೆ ಇಂಗಾಲವು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ದೇಹಕ್ಕೆಲ್ಲ ಹಂಚುತ್ತದೆ. ಆದರೆ ಅದು ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ತಲೆನೋವು, ತಲೆಸುತ್ತು ಬರುತ್ತದೆ. ನಿದ್ರೆಯಲ್ಲಿದ್ದವರಿಗೆ ಅದೂ ತಿಳಿಯದೆ ಪ್ರಾಣ ಹೋಗಬಹುದು. ಆದ್ದರಿಂದ ಗಾಳಿ ಆಡಲು ಕಿಟಕಿಯನ್ನು ಸ್ವಲ್ಪ ತೆರೆದಿರಲೇಬೇಕು.

ಇದು ಅಲಾಸ್ಕದ ಮಾತಷ್ಟೇ ಅಲ್ಲ. ನಮ್ಮಲ್ಲಿಯೂ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿ ಜೀವ ಕಳೆದುಕೊಂಡವರಿದ್ದಾರೆ. ಈ ವಿಷಯವನ್ನು ಇವತ್ತೇ ಮನೆಯಲ್ಲಿ ಹೇಳಿ.

ತಿಳಿನೀರು ಶುದ್ಧ ನೀರೇ?

ಗುಡಿಸಲಿನ ಬಳಿಯ ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಆದರೂ ಹಾಗೆಯೇ ಕುಡಿಯಬಾರದು. ಪ್ರಾಣಿಗಳ ಮಲದ ಮೂಲಕ ಜಿಯಾರ್ಡಿಯ ಎಂಬ ಏಕಕೋಶ ಜೀವಿ ನೀರಿಗೆ ಸೇರಿರಬಹುದು. ಅದು ಬರಿಗಣ್ಣಿಗೆ ಕಾಣದು. ಹೊಟ್ಟೆಗೆ ಹೋದರೆ ಭೇದಿ ಶುರುವಾಗುತ್ತದೆ. ನೀರು ಚೆನ್ನಾಗಿ ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಇಂಥ ರೋಗಾಣುಗಳು ಸಾಯುತ್ತವೆ.

ಮನೆ ಯಾರದು, ಅತಿಥಿ ಯಾರು?

ಬೇಸಿಗೆಯಲ್ಲಿ ಸಮುದ್ರದಿಂದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹೊಳೆಗಳಿಗೆ ಬರುತ್ತವೆ. ಕರಡಿಗಳು ಅವನ್ನು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಗುಹೆ ಸೇರಿ ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಆ ಕೊಬ್ಬಿನ ಬಲದಿಂದಲೇ ಬದುಕುತ್ತವೆ.

ಕರಡಿಯ ಮೂಗು ಬಹಳ ಚುರುಕು. ಹೊರಗೆ ಬಿಟ್ಟ ಎಂಜಲು, ಮೀನಿನ ತುಣುಕು ಅದನ್ನು ದೂರದಿಂದಲೇ ಕರೆಯುತ್ತವೆ. ಒಮ್ಮೆ ರುಚಿ ಕಂಡ ಕರಡಿ ಮತ್ತೆ ಮತ್ತೆ ಮನುಷ್ಯರ ಹತ್ತಿರ ಬರುತ್ತದೆ. ಕೊನೆಗೆ ಜನರ ಸುರಕ್ಷತೆಗಾಗಿ ಅದನ್ನು ಕೊಲ್ಲಬೇಕಾಗಿ ಬರಬಹುದು. ತಪ್ಪು ಮನುಷ್ಯನದು, ಸಾಯುವುದು ಕರಡಿ! ಅದಕ್ಕೇ ಅಲ್ಲಿ ಆಹಾರವನ್ನು ಕರಡಿಗೆ ಸಿಗದಂತೆ ಭದ್ರವಾಗಿಡಬೇಕು. ಕಸವನ್ನು ಮರಳಿ ಹೊತ್ತು ತರಬೇಕು.

ದಾರಿಯಲ್ಲಿ ಗಟ್ಟಿಯಾಗಿ ಮಾತನಾಡುತ್ತಾ ನಡೆಯಬೇಕು. ದನಿ ಕೇಳಿದ ಕರಡಿ ಸಾಮಾನ್ಯವಾಗಿ ತಾನೇ ದೂರ ಸರಿಯುತ್ತದೆ. ಎದುರಾದರೆ ಓಡಬಾರದು. ಕರಡಿ ನಮಗಿಂತ ಬಹಳ ವೇಗವಾಗಿ ಓಡುತ್ತದೆ.

ಮಾಡಿ ನೋಡಿ (ಶಿಕ್ಷಕರ ಸಮ್ಮುಖದಲ್ಲಿ ಮಾತ್ರ)

ಒಂದೇ ಅಳತೆಯ ಎರಡು ಮೇಣದಬತ್ತಿಗಳನ್ನು ಹೊತ್ತಿಸಿ ನಿಲ್ಲಿಸಿ. ಒಂದರ ಮೇಲೆ ಗಾಜಿನ ಲೋಟವನ್ನೂ, ಇನ್ನೊಂದರ ಮೇಲೆ ದೊಡ್ಡ ಗಾಜಿನ ಜಾಡಿಯನ್ನೂ ಒಟ್ಟಿಗೇ ಬೋರಲು ಹಾಕಿ. ಯಾವುದು ಮೊದಲು ಆರಿತು? ಸಣ್ಣ ಗುಡಿಸಲಿನಲ್ಲಿ ಕಿಟಕಿ ಏಕೆ ತೆರೆದಿರಬೇಕು ಎಂಬುದಕ್ಕೆ ಇದರಿಂದ ಏನು ತಿಳಿಯಿತು?

ಉತ್ತರಿಸಿ

1. ಕಾರ್ಬನ್ ಮಾನಾಕ್ಸೈಡನ್ನು ಕಾಣದ ಶತ್ರು ಎನ್ನಲು ಕಾರಣವೇನು?
2. ತಿಳಿಯಾಗಿ ಕಾಣುವ ನೀರನ್ನೂ ಏಕೆ ಕುದಿಸಬೇಕು?
3. ಕಾಡುಪ್ರಾಣಿಗಳಿಗೆ ತಿಂಡಿ ಹಾಕುವುದು ದಯೆಯೇ? ಗುಂಪಿನಲ್ಲಿ ಚರ್ಚಿಸಿ.
4. ನೀವು ಮೊದಲು ಬರೆದ ಪಟ್ಟಿಯನ್ನು ತಿದ್ದಿ. ಯಾವುದನ್ನು ಸೇರಿಸಿದಿರಿ, ಯಾವುದನ್ನು ಬಿಟ್ಟಿರಿ? ಕಾರಣ ಬರೆಯಿರಿ.