ಹಿಮ್ಮಡಿ ನೋವು ಎನ್ನುವ ಮಗುವಿಗೆ ಚಾರಣದ ಶೂ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕುಟುಂಬಗಳಿಗೆ ಬೆಟ್ಟಗಳು ಹತ್ತಿರ. ಬಳ್ಳಾರಿ ರಸ್ತೆ ಹಿಡಿದರೆ ನಂದಿ, ದೊಡ್ಡಬಳ್ಳಾಪುರದ ರೈಲು ಮಾರ್ಗದಲ್ಲಿ ಹೋದರೆ ಮಾಕಳಿದುರ್ಗ. ಅರ್ಧ ಬೆಟ್ಟ ಹತ್ತಿದ ಮೇಲೆ ಮಗು ಬಂಡೆಯ ಮೇಲೆ ಕೂತು, "ಹಿಮ್ಮಡಿ ನೋಯ್ತಿದೆ, ನಾನು ಬರಲ್ಲ" ಎಂದರೆ ನೆಪವೆಂದೇ ಅನ್ನಿಸಬಹುದು. ಅದೇ ಮಗು ಹಿಂದಿನ ಸಂಜೆ ಮೈದಾನದಲ್ಲಿ ಓಡಿದ್ದನ್ನು ನೀವೇ ನೋಡಿರುತ್ತೀರಿ. ಈ ನೋವಿನ ಸ್ವಭಾವವೇ ಹಾಗೆ. ಓಟ, ಜಿಗಿತ ಹೆಚ್ಚಾದ ಮೇಲೆ ಕಾಣಿಸಿಕೊಳ್ಳುತ್ತದೆ, ವಿಶ್ರಾಂತಿ ಸಿಕ್ಕರೆ ತಗ್ಗುತ್ತದೆ. ಮಗು ತುದಿಗಾಲಲ್ಲಿ ನಡೆಯುತ್ತಿದ್ದರೆ ಅದು ಹಟವಲ್ಲ, ಹಿಮ್ಮಡಿಗೆ ಭಾರ ಬೀಳದಂತೆ ತನಗೆ ತಿಳಿದ ಉಪಾಯ ಮಾಡುತ್ತಿದೆ.

ಸುಮಾರು 8ರಿಂದ 14 ವರ್ಷದೊಳಗಿನ ಮಕ್ಕಳ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಬೆಳೆಯುವ ಜಾಗ ಅದು. ಮೀನಖಂಡದ ಸ್ನಾಯುವಿನಿಂದ ಇಳಿದು ಬರುವ ದಪ್ಪ ನರದಂಥ ಹುರಿ ಅಲ್ಲಿಗೇ ಅಂಟಿಕೊಂಡಿದೆ. ಎತ್ತರ ಸರಸರನೆ ಏರುವ ವರ್ಷಗಳಲ್ಲಿ ಮೂಳೆ ಮುಂದೆ, ಸ್ನಾಯು ಹಿಂದೆ. ಹುರಿ ಬಿಗಿಯಾಗಿ, ಪ್ರತಿ ಹೆಜ್ಜೆಗೂ ಆ ಮೃದು ಪದರವನ್ನು ಜಗ್ಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಮೂಳೆ ವೈದ್ಯ ಜೇಮ್ಸ್ ಸೀವರ್ ಹೆಸರಿನಲ್ಲಿ ಇದಕ್ಕೆ ಸೀವರ್ಸ್ ಡಿಸೀಸ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಆ ಪದರ ಗಟ್ಟಿಯಾಗಿ ಮೂಳೆಯೊಂದಿಗೆ ಬೆಸೆದ ಮೇಲೆ ನೋವು ಉಳಿಯುವುದಿಲ್ಲ.

ಇಲ್ಲಿ ಶೂ ಪಾತ್ರ ದೊಡ್ಡದು, ಪಾದ ಕಿರಿದಾಗಿದ್ದರಂತೂ ಇನ್ನೂ ದೊಡ್ಡದು. "ಮುಂದಿನ ವರ್ಷಕ್ಕೂ ಆಗಲಿ" ಎಂದು ಒಂದು ಸೈಜ್ ಹೆಚ್ಚು ಕೊಳ್ಳುವುದು ನಮ್ಮೆಲ್ಲರ ಮನೆಯ ರೂಢಿ. ಅದರ ಹಿಂದಿರುವ ಕಾಳಜಿಯಲ್ಲಿ ತಪ್ಪಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಉದ್ದ ಹೆಚ್ಚಿದಂತೆ ಶೂ ಅಗಲವೂ ಹೆಚ್ಚುತ್ತದೆ. ಕಿರಿದಾದ ಪಾದ ಅದರೊಳಗೆ ಜಾರಾಡುತ್ತದೆ. ಹತ್ತುವಾಗ ಹಿಮ್ಮಡಿ ಮೇಲೇಳುತ್ತದೆ, ಇಳಿಯುವಾಗ ಬೆರಳುಗಳು ಮುಂದಕ್ಕೆ ಗುದ್ದುತ್ತವೆ. ಪಾದವನ್ನು ಹಿಡಿದಿಡಲು ಮೀನಖಂಡ ಇನ್ನಷ್ಟು ಬಿಗಿಯುತ್ತದೆ. ಸುಲ್ತಾನ್‌ಪೇಟೆ ಕಡೆಯಿಂದ ನಂದಿಯ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಎಳೆತ ಎಷ್ಟು ಸಲವಾಯಿತು, ಯೋಚಿಸಿ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಆಗ ತುಸು ಊದಿರುತ್ತದೆ. ಚಾರಣಕ್ಕೆ ಹಾಕುವ ಸಾಕ್ಸನ್ನೇ ಹಾಕಿಸಿ. ಶೂ ಒಳಗಿನ ಇನ್‌ಸೋಲ್ ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ. ಮುಂದೆ ಹೆಬ್ಬೆರಳಿನಗಲ ಜಾಗ ಬೇಕು, ಆದರೆ ಎರಡೂ ಪಕ್ಕದಲ್ಲಿ ಇನ್‌ಸೋಲ್ ಧಾರಾಳವಾಗಿ ಕಂಡರೆ ಆ ಶೂ ಅಗಲ. ಲೇಸ್ ಬಿಗಿದಾಗ ಎರಡು ಅಂಚುಗಳು ಒಂದಕ್ಕೊಂದು ತಾಗಿದರೂ ಅಷ್ಟೇ. ಹಿಮ್ಮಡಿಯ ಹಿಂದಿನ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿ, ಕುಸಿಯಬಾರದು. ಅಟ್ಟೆ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಲ್ಲ. ಹಿಮ್ಮಡಿಯ ಕೆಳಗೆ ಅಟ್ಟೆ ತುಸು ಎತ್ತರವಿದ್ದರೆ ಹುರಿಯ ಎಳೆತ ಸಡಿಲವಾಗುತ್ತದೆ. ಆದ್ದರಿಂದ ಪೂರ್ತಿ ಚಪ್ಪಟೆ ಶೂ ಈ ಮಕ್ಕಳಿಗೆ ಬೇಡವೆಂದೇ ಹೇಳುತ್ತೇನೆ. ಲೇಸನ್ನು ಕಣಕಾಲಿನ ಹತ್ತಿರದ ಕೊನೆಯ ತೂತಿನವರೆಗೂ ಪೋಣಿಸಿ ಕಟ್ಟಲು ಮಗುವಿಗೆ ಕಲಿಸಿ. ಹಿಮ್ಮಡಿ ಜಾರುವುದು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬೇಡಿ. ಒಂದೆರಡು ವಾರ ಜಕ್ಕೂರು ಕೆರೆಯ ದಾರಿಯಲ್ಲಿ ನಡೆಸಿ. ನೋವಿರುವ ದಿನಗಳಲ್ಲಿ ಓಟ, ಜಿಗಿತ ತಗ್ಗಿಸಿ, ಮೀನಖಂಡ ಹಿಗ್ಗಿಸುವ ಸರಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿಯಿರಿ. ಶೂ ಎಷ್ಟೇ ಚೆನ್ನಾಗಿದ್ದರೂ ವಿಶ್ರಾಂತಿಯ ಕೆಲಸವನ್ನು ಅದು ಮಾಡದು.

ಹಿಮ್ಮಡಿ ಊದಿದ್ದರೆ, ಕೆಂಪಾಗಿದ್ದರೆ, ಜ್ವರವಿದ್ದರೆ, ನೋವು ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಅಥವಾ ಬಿದ್ದು ಪೆಟ್ಟಾದ ಮೇಲೆ ಮಗು ಕುಂಟುತ್ತಿದ್ದರೆ ಶೂ ಅಂಗಡಿಗಲ್ಲ, ಮೂಳೆ ವೈದ್ಯರ ಬಳಿ ಹೋಗಿ.