ಮಳೆಗಾಲಕ್ಕೆ ಸೋಲದ ಜೀನು: ನೌಪಾಡಾದ ಫ್ಲ್ಯಾಟಿಗೆ ಒಂಬತ್ತು ಸೂತ್ರಗಳು

ಗೋಖಲೆ ರಸ್ತೆಯ ಎರಡು ಕೋಣೆಯ ಮನೆಯಲ್ಲಿ ಕುದುರೆ ಹಿಡಿಸದು, ಜೀನು ಹಿಡಿಸುತ್ತದೆ. ಭಾನುವಾರ ಬೆಳಿಗ್ಗೆ ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಸವಾರಿ ಕಲಿಯಲು ಹೋಗುವವರಿದ್ದಾರೆ. ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದು ಮಾಥೇರಾನ್ ಹತ್ತುವವರೂ ಇದ್ದಾರೆ. 1850ರಲ್ಲಿ ಆ ಬೆಟ್ಟವನ್ನು ಹೊರಗಿನವರ ಕಣ್ಣಿಗೆ ಬೀಳಿಸಿದವನು ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್. ಕಾರುಗಳೆಲ್ಲ ದಸ್ತೂರಿ ನಾಕಾದಲ್ಲೇ ನಿಲ್ಲುವ ಆ ಊರಿನಲ್ಲಿ ಕುದುರೆ ಇವತ್ತಿಗೂ ದುಡಿದೇ ಉಣ್ಣುತ್ತದೆ.

ಜೀನು, ಲಗಾಮುಗಳ ಆರೈಕೆಯ ಬಗ್ಗೆ ನಮಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಚಳಿದೇಶದವು: ಎಣ್ಣೆ ಹಾಕಿ, ಮತ್ತೆ ಹಾಕಿ. ವರ್ಷಕ್ಕೆ 2,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಠಾಣೆಯಲ್ಲಿ ಚರ್ಮ ಒಣಗಿ ಸಾಯುವುದು ಅಪರೂಪ. ಅದು ಸಾಯುವುದು ತೇವದಿಂದ.

1. ಇಳಿದ ತಕ್ಷಣ ಒರೆಸಿ. ಒಂಬತ್ತರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಕುದುರೆಯ ಬೆವರಿನಲ್ಲಿ ಉಪ್ಪಿದೆ. ಅದು ಚರ್ಮದೊಳಗೇ ಒಣಗಿದರೆ ಎಳೆಗಳು ಬಿರುಸಾಗುತ್ತವೆ. ಮಾಥೇರಾನಿನ ಕೆಂಪು ಧೂಳು ಸೇರಿಕೊಂಡರೆ ಮರಳುಕಾಗದದಿಂದ ಉಜ್ಜಿದಂತೆಯೇ ಸರಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹತ್ತಿಬಟ್ಟೆ ಸಾಕು. ಬಾಯಿಗೆ ಹಾಕುವ ಕಡಿವಾಣದ ಕಬ್ಬಿಣವನ್ನು ಜೊಲ್ಲು ಒಣಗುವ ಮೊದಲೇ ನೀರಿನಲ್ಲಿ ತೊಳೆದುಬಿಡಿ.

2. ಪೂರ್ತಿ ಬಿಚ್ಚಿ, ಆದರೆ ಮೊದಲು ಫೋಟೊ ತೆಗೆಯಿರಿ. ಕೊಳೆ ಅವಿತಿರುವುದು ಬಕಲ್‌ನ ಮಡಿಕೆಯಲ್ಲಿ. ಚರ್ಮ ಮೊದಲು ಸೀಳುವುದೂ ಅಲ್ಲೇ. ಯಾವ ಪಟ್ಟಿ ಎಷ್ಟನೆಯ ತೂತಿನಲ್ಲಿತ್ತು ಎಂಬುದು ಮೊಬೈಲಿನಲ್ಲಿರಲಿ. ಬಿಡಿಬಿಡಿಯಾದ ಲಗಾಮನ್ನು ನೆನಪಿನಿಂದ ಜೋಡಿಸುತ್ತೇನೆ ಎನ್ನುವವರ ಧೈರ್ಯ ದೊಡ್ಡದು.

3. ಸೋಪು ಸ್ವಲ್ಪ, ನೀರು ಇನ್ನೂ ಸ್ವಲ್ಪ. ಹದ ಮಾಡಿದ ಚರ್ಮ ಸ್ವಭಾವತಃ ತುಸು ಆಮ್ಲೀಯ. ಬಟ್ಟೆ ಸೋಪು, ವಾಷಿಂಗ್ ಸೋಡಾ, ನೆಲ ಒರೆಸುವ ದ್ರವ ಯಾವುದೂ ಅದಕ್ಕೆ ಒಗ್ಗದು. ಗ್ಲಿಸರಿನ್ ಇರುವ ಸ್ಯಾಡಲ್ ಸೋಪಿನ ಮೇಲೆ ಹಿಂಡಿದ ಸ್ಪಂಜು ಆಡಿಸಿ, ಸಣ್ಣ ಸುತ್ತುಗಳಲ್ಲಿ ಉಜ್ಜಿ. ನೊರೆ ಏಳುತ್ತಿದೆ ಎಂದರೆ ನೀರು ಹೆಚ್ಚಾಯಿತು. ಕಪ್ಪಗೆ ಗಟ್ಟಿಯಾದ ಜಿಡ್ಡನ್ನು ಉಗುರಿನಿಂದ ಕೆರೆಯಬೇಡಿ. ಎರಡು ಮೂರು ಸಲ ಸೋಪು ತಗಲಿದರೆ ತಾನೇ ಸಡಿಲುತ್ತದೆ.

4. ನೆರಳಲ್ಲಿ, ಫ್ಯಾನಿನಡಿ ಒಣಗಿಸಿ. ಬಾಲ್ಕನಿಯ ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಜುಲೈನಲ್ಲಿ ಇಡೀ ರಾತ್ರಿ ಹಿಡಿದರೂ ಹಿಡಿಯಲಿ.

5. ಎಣ್ಣೆಯ ವಿಷಯದಲ್ಲಿ ಜಿಪುಣರಾಗಿ. ನಮ್ಮವರ ಕೈ ಮೊದಲು ಹೋಗುವುದು ತೆಂಗಿನೆಣ್ಣೆಯ ಬಾಟಲಿಗೆ. ಅಡುಗೆ ಎಣ್ಣೆಗಳು ಚರ್ಮದಲ್ಲಿ ಕಮಟುತ್ತವೆ. ಸೂರ್ಯಕಾಂತಿಯಂಥವು ಗಾಳಿಗೆ ಅಂಟಾಗಿ ಧೂಳು ಹಿಡಿಯುತ್ತವೆ. ಸವಾರರ ಹಳೆಯ ಆಯ್ಕೆ ನೀಟ್ಸ್‌ಫುಟ್ ಎಣ್ಣೆ, ದನದ ಕಾಲಿನ ಮೂಳೆಗಳಿಂದ ತೆಗೆದದ್ದು. ಮನೆಗೆ ಅದು ಬೇಡ ಎನ್ನುವವರಿಗೆ ಜೇನುಮೇಣದ ಮುಲಾಮುಗಳಿವೆ. (ಜೀನೇ ದನದ ಚರ್ಮದ್ದಲ್ಲವೇ ಎಂಬ ಪ್ರಶ್ನೆಯನ್ನು ಅತ್ತೆಯ ಮುಂದೆ ಎತ್ತದಿರುವುದು ಕ್ಷೇಮ.)

ಹಚ್ಚುವ ಮುಂಚೆ ಪಟ್ಟಿಯನ್ನು ಬಾಗಿಸಿ ನೋಡಿ. ಸಣ್ಣ ಬಿರುಕು ಕಂಡರೆ, ಬಾಗಲು ಮೊಂಡು ಹಿಡಿದರೆ ಮಾತ್ರ ಎಣ್ಣೆ. ಒಳಮೈ, ಅಂದರೆ ಒರಟು ಬದಿ, ಚೆನ್ನಾಗಿ ಹೀರುತ್ತದೆ, ಅಲ್ಲಿಂದ ಶುರುಮಾಡಿ. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಮರುದಿನ ನೋಡಿ, ಬೇಕಿದ್ದರೆ ಇನ್ನೊಂದು ಪದರ. ಅತಿಯಾದರೆ ಎಳೆಗಳು ಸಡಿಲಿ ಪಟ್ಟಿ ಉದ್ದವಾಗುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ಮುಂದಿನ ಸವಾರಿಯಲ್ಲಿ ಪ್ಯಾಂಟಿಗೆ ಕಲೆ.

ಅಥಣಿ, ನಿಪ್ಪಾಣಿ ಕಡೆಯವರಿಗೆ ಈ ಚರ್ಮದ ಸ್ವಭಾವ ಹೊಸದಲ್ಲ. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ತಲಾ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಸೂಚಕ ದಕ್ಕಿದ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಅಳಲೆಕಾಯಿ, ಜಾಲಿ ತೊಗಟೆಯಂಥ ಸಸ್ಯವಸ್ತುಗಳಲ್ಲಿ ಹದ ಮಾಡುತ್ತಾರೆ. ಒಳ್ಳೆಯ ಜೀನುಗಳಲ್ಲೂ ಬಹುಪಾಲು ಸಸ್ಯಹದದ ಚರ್ಮವೇ. ಮಳೆಯಲ್ಲಿ ನೆನೆದ ಕೊಲ್ಹಾಪುರಿ ಕಪ್ಪಾಗಿ ಸೆಟೆದುಕೊಳ್ಳುವುದನ್ನು ನೋಡಿದವರಿಗೆ ನೆನೆದ ಜೀನಿನ ಗತಿ ಬಿಡಿಸಿ ಹೇಳಬೇಕಿಲ್ಲ.

6. ಬೂಷ್ಟಿಗೆ ಮನೆ ಕೊಡಬೇಡಿ. ಗಾಳಿಯ ತೇವಾಂಶ ಶೇ. 70 ದಾಟಿತೆಂದರೆ ಬೂಷ್ಟಿಗೆ ಹಬ್ಬ. ಪ್ಲಾಸ್ಟಿಕ್ ಚೀಲ, ಮುಚ್ಚಿದ ಟ್ರಂಕು, ಅಟ್ಟ ಈ ಮೂರೂ ಕೂಡದು. ಹಳೆಯ ಹತ್ತಿ ಸೀರೆ ಹೊದಿಸಿ, ಮಳೆ ಬಡಿಯುವ ಹೊರಗೋಡೆಯಿಂದ ದೂರ, ಗಾಳಿಯಾಡುವ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲಿಡಿ. ಕಪಾಟಿನಲ್ಲೇ ಇಡಬೇಕಾದರೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಅವನ್ನು ಆಗಾಗ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹೊದಿಕೆ ಎತ್ತಿ ನೋಡಿ, ಕುದುರೆ ಏರಿದರೂ ಏರದಿದ್ದರೂ.

ಬಂದೇಬಿಟ್ಟಿತೇ? ಬಾಲ್ಕನಿಗೆ ಒಯ್ದು, ಮಾಸ್ಕ್ ಹಾಕಿಕೊಂಡು, ಒಣಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಎಸೆದುಬಿಡಿ. ಆಮೇಲೆ ರಬಿಂಗ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ತೆಳುವಾಗಿ ಸವರಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಒಣಗಿದ ಮೇಲೆ ಒಂದು ತೆಳು ಪದರ ಮುಲಾಮು. ಬೂಷ್ಟಿನ ಮೇಲೇ ಎಣ್ಣೆ ಬಳಿದರೆ ಕಂದು ಬಣ್ಣ ಹೊಳೆಯುತ್ತದೆ, ಬೂಷ್ಟು ಎಲ್ಲಿಗೂ ಹೋಗಿರುವುದಿಲ್ಲ.

7. ರಿಕಾಪಿನ ಪಟ್ಟಿಗಳನ್ನು ಅದಲುಬದಲು ಮಾಡಿ. ಎಲ್ಲರೂ ಎಡಗಡೆಯಿಂದ ಹತ್ತುವುದರಿಂದ ಎಡಪಟ್ಟಿ ಹೆಚ್ಚು ಜಗ್ಗಿ ಉದ್ದವಾಗುತ್ತದೆ. ಪ್ರತಿ ಸಲ ಶುಚಿ ಮಾಡುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

8. ಹೊಲಿಗೆಯನ್ನು ಎಳೆದು ನೋಡಿ. ಚರ್ಮ ಹೊಳೆದರೆ ಸಾಲದು. ಹೊಟ್ಟೆಪಟ್ಟಿಯ ದಾರ ಕಿತ್ತರೆ ಸವಾರ ನೆಲದಲ್ಲಿ. ಠಾಣೆ ಸ್ಟೇಷನ್ ಬಳಿಯ ಮೋಚಿ ಚಪ್ಪಲಿಗೆ ಗಟ್ಟಿಗ, ಆದರೆ ಮೈಭಾರ ಹೊರುವ ಪಟ್ಟಿಗೆ ಹೊಸ ತೂತು ಕೊರೆಯುವ, ಗೋಂದು ಹಾಕುವ ಕೆಲಸ ಅವರಿಗೆ ಕೊಡಬೇಡಿ. ಮಹಾಲಕ್ಷ್ಮಿಯ ಅಮೆಚೂರ್ ರೈಡರ್ಸ್ ಕ್ಲಬ್ 1942ರಿಂದ ನಡೆದುಬಂದಿರುವ ಸಂಸ್ಥೆ. ಜೀನು ಹೊಲಿಯಬಲ್ಲವರು ಯಾರೆಂದು ಅಲ್ಲಿನ ಸವಾರರನ್ನು ಕೇಳಿ. ಇನ್ನು, ಕಲ್ಯಾಣದ ಮದುವೆ ಮೆರವಣಿಗೆಯ ಕುದುರೆಗಳ ಜರಿಹೊದಿಕೆಯಡಿ ಇರುವುದು ಎಷ್ಟೋ ಸಲ ರೆಕ್ಸಿನ್. ಅದಕ್ಕೆ ಒದ್ದೆ ಬಟ್ಟೆಯಷ್ಟೇ ಮದ್ದು, ಎಣ್ಣೆ ದಂಡ.

9. ದೊಡ್ಡ ಶುಚಿ ವರ್ಷಕ್ಕೆ ಎರಡು ಸಲ: ಮೇ ಕೊನೆಗೆ, ಮಳೆ ಬೀಳುವ ಮುನ್ನ, ಮತ್ತೆ ನವರಾತ್ರಿಗೆ, ಮಳೆ ಹಿಂದೆಗೆದ ಮೇಲೆ. ಎರಡನೆಯದು ಆಯುಧಪೂಜೆಗೆ ಸರಿಹೊಂದುತ್ತದೆ. ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಸ್ಕೂಟರು, ಮಿಕ್ಸರ್‌ಗಳ ಸಾಲಿನಲ್ಲಿ ಜೀನೂ ಕೂರಲಿ. ಅರಿಸಿನ ಕುಂಕುಮವನ್ನು ಮಾತ್ರ ರಿಕಾಪಿನ ಉಕ್ಕಿಗೇ ಹಚ್ಚಿ. ಹದವಾದ ಚರ್ಮದಿಂದ ಅರಿಸಿನದ ಕಲೆ ತೆಗೆಯಬಲ್ಲ ಸೋಪು ಈ ಪಟ್ಟಿಯಲ್ಲಿಲ್ಲ.