ಮೊಮ್ಮಗಳು, ಕ್ರೂಸರ್ ಮತ್ತು ಏಪ್ರಿಲ್ ಬಡ್ಡಿ

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಏಪ್ರಿಲ್ ಆರಂಭದಲ್ಲಿ ಬಡ್ಡಿ ಕೈಸೇರಿತು ಅನ್ನುವಷ್ಟರಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ. ಮೇಷ್ಟ್ರ ಕೆಲಸದಿಂದ ನಿವೃತ್ತಳಾದಾಗ ಬಂದ ಹಣದಲ್ಲಿ 5 ಲಕ್ಷ ರೂಪಾಯಿಯನ್ನು ಹೊನ್ನಾಳಿಯ ಅಂಚೆ ಕಚೇರಿಯಲ್ಲಿ ಈ ಯೋಜನೆಗೆ ಹಾಕಿದ್ದೇನೆ. ದರ ಶೇ. 8.2. ಮೂರು ತಿಂಗಳಿಗೆ 10,250 ರೂಪಾಯಿ. ಜುಲೈ ಕಂತು ಮನೆ ರಿಪೇರಿಗೆ, ಅಕ್ಟೋಬರ್ ಕಂತು ಹಬ್ಬಕ್ಕೆ, ಜನವರಿಯದು ಔಷಧಿ, ಕನ್ನಡಕ, ಹಲ್ಲಿನ ಡಾಕ್ಟರಿಗೆ. ಏಪ್ರಿಲ್ ಕಂತು ಪೂರ್ತಿಯಾಗಿ ಬೆಂಗಳೂರಿನಿಂದ ಬರುವ ಮೊಮ್ಮಗಳ ತಿರುಗಾಟಕ್ಕೆ. ಅಸಲಿಗೆ ಕೈ ಹಾಕುವುದಿಲ್ಲ, ಮಗನ ಹತ್ತಿರವೂ ಕೇಳುವುದಿಲ್ಲ. ಅವನು ಕೊಡುತ್ತೇನೆಂದರೂ ಬೇಡ ಅಂದಿದ್ದೇನೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಖರ್ಚು ಅಜ್ಜ ಅಜ್ಜಿಯ ಗಂಟಿನಿಂದಲೇ ಹೋಗಬೇಕು, ಆ ಗಂಟು ಎಷ್ಟೇ ಸಣ್ಣದಿರಲಿ. ಎಲ್ಲಿಗೆ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಆಗ ನಾವೇ ತೀರ್ಮಾನಿಸಬಹುದು.

ಮಗುವಿಗೆ ಐದು ತುಂಬಿದೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ 'ಒಳಗೆ ಮನೆ ಇರೋ ಗಾಡಿ' ಬೇಕು ಅಂತ ಅವಳ ಆಸೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಕ್ಯಾರವಾನ್ ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದ ಮೇಲೆ ನಮ್ಮ ಕಡೆಯವರ ಬಾಯಲ್ಲೂ ಆ ಹೆಸರು ಓಡಾಡುತ್ತಿದೆ. ಆದರೆ ಅದರ ಒಂದೆರಡು ದಿನದ ಬಾಡಿಗೆಗೇ ನನ್ನ ಏಪ್ರಿಲ್ ಕಂತು ಮುಗಿದುಹೋಗುತ್ತದೆ. ಅದೂ ಅಲ್ಲದೆ ಅಷ್ಟು ದೊಡ್ಡ ಗಾಡಿ ನಮ್ಮ ಹಳ್ಳಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಎದುರು ಬಂದರೆ ಎಲ್ಲಿಗೆ ಸರಿಯಬೇಕು? ನಾನು ಹುಟ್ಟಿದ್ದು ಜಗಳೂರಿನಲ್ಲಿ. ಚಿಕ್ಕವಳಿದ್ದಾಗ ಕೊಡದಗುಡ್ಡದ ವೀರಭದ್ರಸ್ವಾಮಿ ಜಾತ್ರೆಗೆ ಕಮಾನು ಕಟ್ಟಿದ ಬಂಡಿಯಲ್ಲಿ ಹೋಗುತ್ತಿದ್ದೆವು. ಕೆಳಗೆ ಹುಲ್ಲು, ಮೇಲೆ ಜಮಖಾನೆ, ಮೂರು ಕಲ್ಲಿಟ್ಟರೆ ಒಲೆ, ರಾತ್ರಿ ಬಂಡಿಯ ಅಡಿಯಲ್ಲೇ ನಿದ್ದೆ. ಗಾಡಿಯೇ ಮನೆಯಾಗುವುದು ನಮ್ಮ ಸೀಮೆಗೆ ಹೊಸ ವಿಷಯವಲ್ಲ.

ಹಾಗಾಗಿ ಗೊತ್ತು ಮಾಡಿದ್ದು ಕ್ರೂಸರ್. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳಕ್ಕೆ, ಆಸ್ಪತ್ರೆಗೆ ಊರವರೆಲ್ಲ ಕರೆಯುವ ಅದೇ ಗಾಡಿ. ಗೊತ್ತು ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹಣ ಉಳಿಯುವುದೂ ಹೋಗುವುದೂ ಅಲ್ಲೇ.

ದೊಡ್ಡ ಊರಿನ ಟ್ಯಾಕ್ಸಿಗಳಲ್ಲಿ ಹೊರಗಿನ ಬಾಡಿಗೆ ಅಂದರೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಲೆಕ್ಕ. ಓಡಿದರೂ ಅಷ್ಟು, ಓಡದಿದ್ದರೂ ಅಷ್ಟು. ಕಿ.ಮೀ.ಗೆ 14 ರೂಪಾಯಿ ಎಂದಿಟ್ಟುಕೊಂಡರೆ 300ಕ್ಕೆ 4,200, ಜೊತೆಗೆ ಡ್ರೈವರ್ ಬಾಟಾ, ಟೋಲ್. ಹೊನ್ನಾಳಿಯಿಂದ ಸೂಳೆಕೆರೆ, ಸಂತೇಬೆನ್ನೂರು ಮುಗಿಸಿ ತಿರುಗಿ ಬಂದರೂ 150 ಕಿ.ಮೀ. ದಾಟುವುದಿಲ್ಲ. ಆಗ ಮನಸ್ಸು ಹೇಗೆ ಓಡುತ್ತದೆ ಅಂದರೆ, 300ಕ್ಕೆ ದುಡ್ಡು ಕೊಟ್ಟಾಗಿದೆ, ಚಿತ್ರದುರ್ಗದ ಕೋಟೆಯನ್ನೂ ನೋಡಿಬಿಡೋಣ, ಹಾಗೇ ಹರಿಹರಕ್ಕೂ ಹೋಗಿ ಬರೋಣ. ಮಗು ಸಂಜೆ ಹೊತ್ತಿಗೆ ಬಾಡಿ ಅಳುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ಮರುದಿನ ಜ್ವರ. ನಮ್ಮ ಪೈಕಿಯವರ ಮನೆಗಳಲ್ಲಿ ಬೇಸಿಗೆ ಪ್ರವಾಸ ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಮುಗಿಯುವುದನ್ನು ಕಂಡಿದ್ದೇನೆ.

ಹಳ್ಳಿ ಕಡೆ ಇನ್ನೊಂದು ಕರಾರು ಇದೆ. 'ಅಮ್ಮಾ, ಗಾಡಿ ನಮ್ದು, ಎಣ್ಣೆ ನಿಮ್ದು' ಅಂತಾರೆ ಡ್ರೈವರುಗಳು. ಗಾಡಿಗೂ ಡ್ರೈವರಿಗೂ ಸೇರಿ ದಿನಕ್ಕೆ ಇಷ್ಟು, ಡೀಸೆಲ್ ನಾವು ಹಾಕಿಸುವುದು. ನಾನು ಒಪ್ಪಿದ್ದು 2,000ಕ್ಕೆ. ಲೀಟರಿಗೆ 12 ಕಿ.ಮೀ. ಕೊಟ್ಟರೆ 150 ಕಿ.ಮೀ.ಗೆ ಹನ್ನೆರಡೂವರೆ ಲೀಟರ್. 90 ರೂಪಾಯಿ ಆಸುಪಾಸಿನ ದರದಲ್ಲಿ 1,125 ರೂಪಾಯಿ. ಒಟ್ಟು 3,125. ಉಳಿದ ಸಾವಿರ ರೂಪಾಯಿಗಿಂತಲೂ ದೊಡ್ಡ ಲಾಭವೆಂದರೆ ಈ ಕರಾರಿನಲ್ಲಿ ಕಡಿಮೆ ಓಡಿದಷ್ಟೂ ನಮಗೇ ಉಳಿತಾಯ. ಮರದ ಕೆಳಗೆ ಎರಡು ತಾಸು ಗಾಡಿ ನಿಂತರೆ ಯಾರಿಗೂ ನಷ್ಟವಿಲ್ಲ. ಮಗುವನ್ನು ಎಬ್ಬಿಸಿ ಹೊರಡಿಸುವ ಕಾರಣವೇ ಇರುವುದಿಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಾಡಿಗೆಯ ಮೊತ್ತಕ್ಕಿಂತ ಮೊದಲು ಬಾಡಿಗೆಯ ಬಗೆಯನ್ನು ವಿಚಾರಿಸಬೇಕು.

ಹಿಂದಿನ ಎರಡು ಉದ್ದ ಸೀಟುಗಳ ನಡುವೆ ಜಮಖಾನೆ ಹಾಸಿದೆವು. ಮೇಲೊಂದು ಕೌದಿ. 20 ಲೀಟರಿನ ನೀರಿನ ಕ್ಯಾನು, ಹಾಲಿನ ಫ್ಲಾಸ್ಕು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಓಆರ್‌ಎಸ್ ಪೊಟ್ಟಣ, ಎರಡು ಜೊತೆ ಬಟ್ಟೆ. ಮಲಗಲು ಜಾಗ ಬೇಕು ಅಂದರೆ ಗಾಡಿ ನಿಂತಿರಬೇಕು, ಓಡುವಾಗ ಮಗು ಸೀಟಿನಲ್ಲಿ ತಾತನ ಪಕ್ಕ ಎಂಬ ನಿಯಮ ಮೊದಲೇ ಹೇಳಿದ್ದೆ. ಒಲೆ, ಸಿಲಿಂಡರ್ ಬೇಡವೇ ಬೇಡ ಅಂದೆ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಗ್ಯಾಸ್ ಇಡುವುದು ಯಾವ ಉಳಿತಾಯಕ್ಕೂ ತಕ್ಕುದಲ್ಲ. ಬುತ್ತಿ ಕಟ್ಟಿದೆ: ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ, ಮಗುವಿಗೆ ಮೊಸರನ್ನ. ಡ್ರೈವರ್ ತಮ್ಮನಿಗೂ ಅದರಲ್ಲೇ ಪಾಲು. ಅವನು ಹೋಟೆಲಿಗೆ ಹೋಗಲಿ ಅಂತ ಪ್ರತ್ಯೇಕ ದುಡ್ಡು ಕೊಡುವುದಕ್ಕಿಂತ ಒಟ್ಟಿಗೆ ಕೂತು ಉಣ್ಣುವುದು ನನಗೆ ಸರಿ ಕಾಣುತ್ತದೆ.

ಮೊದಲ ತಿರುಗಾಟ ನ್ಯಾಮತಿ ಕಡೆಗೆ. ಹೊನ್ನಾಳಿಯಿಂದ ಬೇರೆಯಾಗಿ ಈಚೆಗಷ್ಟೇ ತಾಲ್ಲೂಕಾದ ಊರು. ಬೆಳಗುತ್ತಿ ದಾಟಿ ಕಾಡಿನ ಗುಡ್ಡದ ಮೇಲೆ ತೀರ್ಥರಾಮೇಶ್ವರ ಇದೆ. ಏಪ್ರಿಲ್ ಬಿಸಿಲಿನಲ್ಲೂ ಅಲ್ಲಿ ನೀರು ಧಾರೆಯಾಗಿ ಬೀಳುತ್ತಲೇ ಇರುತ್ತದೆ. ಮೊಮ್ಮಗಳು ಬೊಗಸೆ ಒಡ್ಡಿ ನಿಂತಳು. ತುಂಬಿತು, ಚೆಲ್ಲಿತು, ಮತ್ತೆ ಒಡ್ಡಿದಳು. 'ಅಜ್ಜಿ, ಇದನ್ನ ಯಾರು ಆಫ್ ಮಾಡ್ತಾರೆ?' ಅಂದಳು. ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕಂಡ ಮಗು. ಯಾರೂ ಆಫ್ ಮಾಡಲ್ಲ ಕಣೇ ಅಂದರೆ ನಂಬಲಿಲ್ಲ, ಅರ್ಧ ತಾಸು ಅಲ್ಲೇ ಕಾವಲು ಕೂತಳು. ಆ ಅರ್ಧ ತಾಸಿಗಾಗಿಯೇ ನಾನು ಇಷ್ಟೆಲ್ಲ ಲೆಕ್ಕ ಹಾಕಿದ್ದು.

ಹೊರಡುವ ಮೊದಲು ಅವಳ ಪುಟ್ಟ ಪರ್ಸಿಗೆ 20 ರೂಪಾಯಿಯ ಐದು ನೋಟು ಹಾಕಿದ್ದೆ. ಪೂರ್ತಿ ತಿರುಗಾಟಕ್ಕೆ ಅಷ್ಟೇ, ಮುಗಿದರೆ ಮುಗಿಯಿತು, ತಾತನ ಹತ್ತಿರ ಕೇಳುವ ಹಾಗಿಲ್ಲ. ತಾತನಿಗೂ ಅದೇ ಕಟ್ಟುನಿಟ್ಟು. ಒಂದು ನೋಟು ಪೀಪಿಗೆ ಹೋಯಿತು. ಮುಂದಿನ ತಿರುಗಾಟದಲ್ಲಿ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಮೇಲೆ ಐಸ್‌ಕ್ಯಾಂಡಿ, ಬಲೂನು ಎರಡೂ ಎದುರಾದವು. ನೋಟುಗಳನ್ನು ತೊಡೆಯ ಮೇಲೆ ಒಂದೊಂದಾಗಿ ಹರಡಿದಳು, ಬೆರಳಿಟ್ಟು ಎಣಿಸಿದಳು, ಒಂದನ್ನು ಮಡಚಿ ಪರ್ಸಿನ ಒಳಜೇಬಿಗೆ ತಳ್ಳಿ 'ಇದು ಜಗಳೂರಿಗೆ' ಅಂದಳು. ಬಲೂನು ಬೇಡವಾಯಿತು. ದುಡ್ಡನ್ನು ನಾಳೆಗೆ ಎತ್ತಿಡುವ ಬುದ್ಧಿ ಐದು ವರ್ಷಕ್ಕೇ ಬರುತ್ತದೆ, ನಾವು ಅದಕ್ಕೊಂದು ಅವಕಾಶ ಕೊಡಬೇಕು. ಕೇಳಿದ್ದನ್ನೆಲ್ಲ ಕೊಡಿಸುವ ಅಜ್ಜ ಅಜ್ಜಿಯರು ಪ್ರೀತಿಯಿಂದಲೇ ಆ ಅವಕಾಶ ತಪ್ಪಿಸುತ್ತಾರೆ.

ಸೂಳೆಕೆರೆಗೆ ಶಾಂತಿಸಾಗರ ಅಂತಲೂ ಹೆಸರು. ಎರಡು ಗುಡ್ಡಗಳ ನಡುವೆ ಚಿಕ್ಕದೊಂದು ಏರಿ, ಅದರ ಹಿಂದೆ ಆರು ಸಾವಿರ ಎಕರೆಗೂ ಮೀರಿದ ನೀರು. ಭದ್ರಾ ನಾಲೆಯ ನೀರೂ ಇದಕ್ಕೆ ಸೇರುತ್ತದೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ಸಿದ್ದೇಶ್ವರನ ಗುಡಿಯ ಬಳಿ ಗಾಳಿಗೆ ಬುತ್ತಿ ಬಿಚ್ಚಿ, ಮಗುವಿಗೆ ಒಂದು ನಿದ್ದೆಯಾದ ಮೇಲೆ ಸಂತೇಬೆನ್ನೂರಿನ ಪುಷ್ಕರಣಿ ನೋಡಿದೆವು. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಸಂಜೆ ಬಿಸಿಲಿಳಿದ ಮೇಲೆ ಮೆಟ್ಟಿಲುಗಳು ಕಾಲಿಗೆ ಸುಡುವುದಿಲ್ಲ. ಚನ್ನಗಿರಿ ಪೇಟೆಗೂ ಕೋಟೆಗೂ ಹೋಗಲಿಲ್ಲ, ಇನ್ನೊಂದು ವರ್ಷಕ್ಕಿರಲಿ.

ಜಗಳೂರಿಗೆ ಗಾಡಿ ಮಾಡಲಿಲ್ಲ. ಅದು ಜಿಲ್ಲೆಯ ಆ ತುದಿ, ದಾವಣಗೆರೆ ದಾಟಿ ಹೋಗಬೇಕು, ಮೇಲಾಗಿ ಅಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿಯುವುದಿತ್ತು. ಗಾಡಿ ನಿಲ್ಲಿಸಿಕೊಂಡರೆ ಸುಮ್ಮನೆ ದಿನದ ಬಾಡಿಗೆ. ಸರ್ಕಾರಿ ಬಸ್ಸೇ ಸರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನನಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮಗುವಿಗೆ ಆರು ತುಂಬಿಲ್ಲ. ಯಜಮಾನರಿಗೆ 60 ದಾಟಿದ್ದರಿಂದ ಶೇ. 25 ರಿಯಾಯಿತಿ, ಗುರುತಿನ ಚೀಟಿ ತೋರಿಸಬೇಕು. ಮೂರು ಜನರಿಗೆ ಮುಕ್ಕಾಲು ಟಿಕೆಟ್. ಆದರೆ ನಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳು ಬಹಳ, ಅವುಗಳಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಸರ್ಕಾರಿ ಬಸ್ಸಿನ ವೇಳೆ ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ಬೆಣ್ಣೆದೋಸೆ ತಿನ್ನಿಸಿದೆವು.

ನೆಂಟರ ಮನೆಯಲ್ಲಿ ಉಳಿದರೆ ಲಾಡ್ಜ್ ಖರ್ಚಿಲ್ಲ ನಿಜ. ಹಾಗಂತ ಬಜೆಟ್ಟಿನಲ್ಲಿ ಅದನ್ನು ಸೊನ್ನೆ ಅಂತ ಬರೆಯಬಾರದು. ತಮ್ಮನ ಹೆಂಡತಿ ಉಡಿ ತುಂಬಿ ಕಳಿಸುತ್ತಾಳೆ, ನಾವು ಬರಿಗೈಲಿ ಹೋಗುವುದು ಚೆನ್ನಾಗಿರುವುದಿಲ್ಲ. ಹಣ್ಣು, ಅವಳಿಗೊಂದು ಸೀರೆ, ಆ ಮನೆ ಮಕ್ಕಳ ಕೈಗೆ ಒಂದಿಷ್ಟು. ನಾನು 2,000 ರೂಪಾಯಿ ಮೊದಲೇ ಎತ್ತಿಟ್ಟಿದ್ದೆ. ತಾರಸಿ ಮೇಲೆ ಸಾಲಾಗಿ ಹಾಸಿಗೆ ಹಾಸಿದಾಗ ಮೊಮ್ಮಗಳು ಎಷ್ಟು ಹೊತ್ತಾದರೂ ಮಲಗಲಿಲ್ಲ. ಬೆಳಿಗ್ಗೆ ಕೆರೆ ತೋರಿಸಿದೆ. ನನ್ನ ಕಾಲದಲ್ಲಿ ಜಗಳೂರು ಅಂದರೆ ಬರ. 57 ಕೆರೆ ತುಂಬಿಸುವ ಯೋಜನೆಯಲ್ಲಿ ತುಂಗಭದ್ರೆಯ ನೀರು ಈಗ ಇಲ್ಲಿಗೂ ಬಂದಿದೆ. ಹೊನ್ನಾಳಿ ಸೇತುವೆ ಕೆಳಗೆ ನೀನು ನೋಡ್ತೀಯಲ್ಲ, ಅದೇ ಹೊಳೆ ನೀರು ಇದು ಅಂದೆ. ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಯ ಕತೆ ಹೇಳಿ, ಕಾಡಿಗೆ ಮಾತ್ರ ಕರೆದೊಯ್ಯಲಿಲ್ಲ. ಆ ಬಿಸಿಲು ಮಗುವಿಗೆ ಆಗುವುದಿಲ್ಲ.

ಬಡ್ಡಿಯಲ್ಲಿ ಸ್ವಲ್ಪ ಮಿಕ್ಕಿತು. ಅದನ್ನು ಅವಳ ಸುಕನ್ಯಾ ಸಮೃದ್ಧಿ ಖಾತೆಗೆ ಹಾಕಲು ಮಗನ ಕೈಗೆ ಕೊಟ್ಟೆ. ಈ ಖಾತೆಯನ್ನು ತೆರೆಯಬೇಕಾದವರು ತಂದೆ ತಾಯಿ ಅಥವಾ ಕಾನೂನು ಪ್ರಕಾರದ ಪೋಷಕರು. ಅಜ್ಜ ಅಜ್ಜಿ ತಾವೇ ತೆರೆದಿದ್ದ ಖಾತೆಗಳನ್ನು ತಂದೆ ತಾಯಿಯ ಪೋಷಕತ್ವಕ್ಕೆ ವರ್ಗಾಯಿಸಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಗೆ ತೆರೆದವರು ಇನ್ನೂ ವರ್ಗಾಯಿಸದಿದ್ದರೆ ಅಂಚೆ ಕಚೇರಿಗೆ ಹೋಗಿ ಕೇಳಿ.

ಗಾಡಿಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಕಡಿಮೆಗೆ ಸಿಗುತ್ತದೆಂದು ಬಿಳಿ ಬೋರ್ಡಿನ ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಹಿಡಿಯುವವರು ನಮ್ಮಲ್ಲಿ ಬಹಳ. ಅಂಥ ಗಾಡಿಯ ವಿಮೆಯಲ್ಲಿ ಬಾಡಿಗೆ ಓಡಾಟ ಸೇರಿರುವುದಿಲ್ಲ, ಅಪಘಾತವಾದರೆ ಪರಿಹಾರದ ವಿಷಯದಲ್ಲಿ ವಿಮಾ ಕಂಪನಿ ತಕರಾರು ತೆಗೆಯಬಹುದು. ಮುಂಗಡ ಕೊಡುವ ಮೊದಲು ಹಳದಿ ಬೋರ್ಡ್ ಇದೆಯೇ ನೋಡಿ, ವಿಮೆ ಮತ್ತು ಎಫ್‌ಸಿ ಚಾಲ್ತಿಯಲ್ಲಿವೆಯೇ ಅಂತ ಕಾಗದ ಕೇಳಿ. ಒಳ್ಳೆಯ ಡ್ರೈವರು ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮವನು ಡ್ಯಾಶ್‌ಬೋರ್ಡಿನಿಂದ ಪ್ಲಾಸ್ಟಿಕ್ ಕವರು ತೆಗೆದು ತಾನೇ ಒಂದೊಂದನ್ನೂ ಬಿಡಿಸಿ ತೋರಿಸಿದ.